ಅರ್ಧ ಅಂಕದ ಜಾಗ

ಸಂಕ್ರಾಂತಿ ಮುಗಿದ ಮೇಲೆ ದಾವಣಗೆರೆ, ಹರಿಹರದ ಜೆರಾಕ್ಸ್ ಅಂಗಡಿಗಳಲ್ಲಿ ಒಂದು ಸರಕು ಜೋರಾಗಿ ಓಡಾಡಲು ಶುರುವಾಗುತ್ತದೆ. ಹತ್ತು ಹದಿನೈದು ಹಾಳೆ, ಮೂಲೆಗೊಂದು ಪಿನ್ನು, ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ‘ಎಸ್‌ಎಸ್‌ಎಲ್‌ಸಿ ಗಣಿತ: ಪಾಸಿಂಗ್ ಪ್ಯಾಕೇಜ್’. ಬರೆದವರ ಹೆಸರು ಎಷ್ಟೋ ಸಲ ಇರುವುದಿಲ್ಲ. ಯಾವುದೋ ತಾಲ್ಲೂಕಿನ ಗಣಿತದ ಮೇಷ್ಟ್ರುಗಳು ಕೂತು ಮಾಡಿದ್ದು ಇನ್ನೊಂದು ಜಿಲ್ಲೆಯ ವಾಟ್ಸಾಪ್ ಗುಂಪಿಗೆ ಹೋಗಿ, ಅಲ್ಲಿ ಯಾರದೋ ಕೈಯಲ್ಲಿ ತಿದ್ದಿಸಿಕೊಂಡು, ಕಾಪಿಯ ಕಾಪಿಯಾಗಿ ಮಸುಕಾಗಿ ಇಲ್ಲಿಗೆ ಬಂದಿರುತ್ತದೆ. ಪಠ್ಯಪುಸ್ತಕಕ್ಕೆ ಸಿಗದ ಮರ್ಯಾದೆ ಅದಕ್ಕೆ ಸಿಗುತ್ತದೆ. ಮಕ್ಕಳು ಅದನ್ನು ಮಡಿಸಿ ಕಂಪಾಸ್ ಬಾಕ್ಸಿನೊಳಗೆ ಇಟ್ಟುಕೊಳ್ಳುತ್ತಾರೆ.

ಅದರ ಹಿಂದಿರುವ ಲೆಕ್ಕ ಬಹಳ ಸರಳ. ಈಚಿನ ವರ್ಷಗಳ ಮಾದರಿಯಲ್ಲಿ ಗಣಿತದ ಪ್ರಶ್ನೆಪತ್ರಿಕೆ 80 ಅಂಕದ್ದು, ಪ್ರಶ್ನೆ 38. ಒಂದಂಕದವು 16, ಎರಡಂಕದವು 8, ಮೂರಂಕದವು 9, ನಾಲ್ಕಂಕದವು 4, ಐದಂಕದ್ದು ಒಂದು. ಉಳಿದ 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನದ್ದು. 80ಕ್ಕೆ 28 ಬಂದರೆ ದಡ ಸೇರಿದ ಹಾಗೆ ಎಂಬುದು ಬಹಳ ಕಾಲ ನಡೆದ ಲೆಕ್ಕ. 2025ರಲ್ಲಿ ಸರ್ಕಾರ ತೇರ್ಗಡೆಯ ಮಿತಿಯನ್ನು ಶೇ. 35ರಿಂದ 33ಕ್ಕೆ ಇಳಿಸುವ ತೀರ್ಮಾನ ಮಾಡಿತು. ಪ್ಯಾಕೇಜ್ ಮಾಡುವ ಮೇಷ್ಟ್ರು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಏನೂ ಬಾರದ ಮಗು ಎರಡು ತಿಂಗಳಲ್ಲಿ ಈ 28ನ್ನೋ ಅದರ ಆಸುಪಾಸಿನದನ್ನೋ ಎಲ್ಲಿಂದ ತರಬಹುದು? ರೇಖಾತ್ಮಕ ಸಮೀಕರಣಗಳ ಜೋಡಿಯ ನಕ್ಷೆ, ಥೇಲ್ಸ್ ಪ್ರಮೇಯ, ವೃತ್ತದ ಸ್ಪರ್ಶಕದ ಪ್ರಮೇಯ, ಸರಾಸರಿ, ಮಧ್ಯಾಂಕ, ಬಹುಲಕ, ಸಮಾಂತರ ಶ್ರೇಢಿಯ ಸೂತ್ರ. ಇವಿಷ್ಟು ಕೈಗೆ ಹತ್ತಿದರೆ ಹುಡುಗ ಪಾಸು. ಹರಳೆಣ್ಣೆ ಕುಡಿಸುವವರ ನಿರ್ದಾಕ್ಷಿಣ್ಯದಲ್ಲಿ ಇದನ್ನು ದಿನವೂ ಬರೆಸುತ್ತಾರೆ.

ಈ ಹಾಳೆಗಳನ್ನು ಹಗುರವಾಗಿ ಬೈಯುವ ಹಕ್ಕು ನೂರಕ್ಕೆ ತೊಂಬತ್ತು ತೆಗೆದವರಿಗಿಲ್ಲ. ಗಣಿತ ಒಂದರಲ್ಲಿ ಹೋಯಿತು ಎಂಬ ಕಾರಣಕ್ಕೆ ಐಟಿಐಗೂ ಸೇರದೆ ಗ್ಯಾರೇಜಿನಲ್ಲಿ ಉಳಿದ ಹುಡುಗರು ಹರಿಹರದ ಪ್ರತಿ ಓಣಿಯಲ್ಲೂ ಸಿಗುತ್ತಾರೆ. ‘ಫೇಲಾದ್ಲು, ಇನ್ನು ಮನೇಲಿರಲಿ’ ಎಂಬ ಒಂದೇ ಮಾತಿಗೆ ಓದು ನಿಂತ ಹೆಣ್ಣುಮಕ್ಕಳಿದ್ದಾರೆ. ಅಂಥ ಮನೆಯಲ್ಲಿ 28 ಎಂಬುದು ಅಂಕವಲ್ಲ, ಮುಂದಿನ ಎರಡು ವರ್ಷಕ್ಕೆ ಸಿಕ್ಕ ಅನುಮತಿ. ಆ ಅನುಮತಿಯನ್ನು ಹೇಗಾದರೂ ಕೊಡಿಸಬೇಕೆಂದು ಸಂಜೆ ಆರರವರೆಗೆ ಶಾಲೆಯಲ್ಲಿ ಕೂರುವ ಮೇಷ್ಟ್ರ ಕಾಳಜಿಯೂ ಆ ಮಸುಕು ಹಾಳೆಯಲ್ಲಿದೆ.

ಆದರೆ ಆ ಹಾಳೆ ತಾನು ಹೇಳದ ಒಂದು ಮಾತನ್ನೂ ಕಲಿಸುತ್ತದೆ. ಯಾವ ಪುಟ ತೆರೆಯಬೇಕು ಎಂದು ಹೇಳುವಾಗಲೇ ಯಾವುದನ್ನು ತೆರೆಯಬೇಕಿಲ್ಲ ಎಂದೂ ಹೇಳಿಬಿಡುತ್ತದೆ. ಅದು ಮೊದಲು ಬಿಡುವುದು ಹೇಳಿಕೆ ಲೆಕ್ಕಗಳನ್ನು: ಇಬ್ಬರ ವಯಸ್ಸು, ದೋಣಿಯ ವೇಗ, ಗೋಪುರದ ಎತ್ತರ, ತೊಟ್ಟಿಗೆ ನೀರು ತುಂಬುವ ನಲ್ಲಿ. ಮಾತನ್ನು ಸಮೀಕರಣವಾಗಿಸುವ ಕೆಲಸ ನಡೆಯುವುದು ಅಲ್ಲೇ. ಗಣಿತ ತರಗತಿಯ ಗೋಡೆ ದಾಟಿ ಹೊರಗೆ ಕಾಲಿಡುವುದೂ ಅಲ್ಲೇ. ಜನವರಿಯಲ್ಲಿ ಯಾರ ಕೈಗೆ ಪ್ಯಾಕೇಜ್ ಬಂತು, ಯಾರ ಕೈಗೆ ಬರಲಿಲ್ಲ ಎಂಬುದು ಇಡೀ ತರಗತಿಗೆ ಗೊತ್ತಿರುತ್ತದೆ. ಕೊಟ್ಟವರು ಸಹಾಯವೆಂದು ಕೊಟ್ಟರೂ ಪಡೆದವನಿಗೆ ಅದೊಂದು ತೀರ್ಪು. ಆಮೇಲೆ ಹೊಸ ಲೆಕ್ಕ ಬೋರ್ಡಿನ ಮೇಲೆ ಬಂದಾಗ ಹಿಂದಿನ ಬೆಂಚಿನಿಂದ ಒಂದೇ ಪ್ರಶ್ನೆ ಏಳುತ್ತದೆ: “ಇದು ಪರೀಕ್ಷೆಗೆ ಬರ್ತೈತಾ ಸರ್?” ಇಲ್ಲ ಎಂದರೆ ಪೆನ್ನು ಕೆಳಗೆ.

ನನ್ನ ಯೋಚನೆ ಪ್ಯಾಕೇಜಿನಲ್ಲೇ ನಿಲ್ಲುವುದಿಲ್ಲ. ಗಣಿತ ಕಲಿಸಲು ನಮ್ಮಲ್ಲಿರುವ ಸಾಮಗ್ರಿಯನ್ನೆಲ್ಲ ಒಂದು ಕಡೆ ಹರಡಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಪಠ್ಯಪುಸ್ತಕ, ಗೈಡು, ಸೂತ್ರಗಳ ಚಾರ್ಟು, ಮಾದರಿ ಪ್ರಶ್ನೆಪತ್ರಿಕೆ, ಪುಸ್ತಕದ ಕ್ಯೂಆರ್ ಕೋಡ್ ಹಿಂದಿರುವ ದೀಕ್ಷಾ ವೀಡಿಯೊ, 2020ರ ನವೆಂಬರಿನಿಂದ ಚಂದನ ವಾಹಿನಿಯಲ್ಲಿ ಬಂದ ‘ಸಂವೇದ’ ಪಾಠಗಳು. ಇವೆಲ್ಲವೂ ಸರಿಯಾದ ದಾರಿಯನ್ನು ತೋರಿಸುತ್ತವೆ, ಕೆಲವಂತೂ ಬಹಳ ಸೊಗಸಾಗಿ ತೋರಿಸುತ್ತವೆ. ಎದುರಿಗೆ ಕೂತ ಈ ಮಗು ಆ ದಾರಿಯಲ್ಲಿ ಎಲ್ಲಿ ನಿಂತಿತು ಎಂದು ಮಾತ್ರ ಯಾವುದೂ ಹೇಳುವುದಿಲ್ಲ. ಪುನರಾವರ್ತನೆಗೆ ನಿಜವಾಗಿ ಬೇಕಾದದ್ದು ಆ ಒಂದು ಮಾಹಿತಿ.

ಒಂದು ಸಣ್ಣ ಲೆಕ್ಕ ತೆಗೆದುಕೊಳ್ಳೋಣ. ಸಮಾಂತರ ಶ್ರೇಢಿಯ ಮೊದಲ ಪದ 5, ಸಾಮಾನ್ಯ ವ್ಯತ್ಯಾಸ 3. ಹತ್ತನೆಯ ಪದ ಯಾವುದು? ಸೂತ್ರ ಎ + (ಎನ್ − 1)ಡಿ. ಉತ್ತರ 32. ಒಬ್ಬ ಹುಡುಗ 35 ಎಂದು ಬರೆದಿದ್ದಾನೆ, ಒಬ್ಬ ಹುಡುಗಿ 42 ಎಂದು ಬರೆದಿದ್ದಾಳೆ. ಇಬ್ಬರಿಗೂ ಕೆಂಪು ಶಾಯಿಯಲ್ಲಿ ಒಂದೇ ಗುರುತು ಬೀಳುತ್ತದೆ, ಇಬ್ಬರಿಗೂ ಒಂದೇ ಔಷಧಿ: ‘ಸೂತ್ರ ಹತ್ತು ಸಲ ಬರಿ’.

35 ಎಂದವನು ಮೂರನ್ನು ಒಂಬತ್ತು ಸಲ ಕೂಡಿಸುವ ಬದಲು ಹತ್ತು ಸಲ ಕೂಡಿಸಿದ್ದಾನೆ. ಹತ್ತು ಕಂಬಗಳ ನಡುವೆ ಸಂದು ಒಂಬತ್ತೇ ಎಂಬುದು ಅವನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಅವನ ಮುಂದೆ ಹತ್ತು ಹುಣಸೆಬೀಜ ಸಾಲಾಗಿ ಇಟ್ಟು ‘ಸಂದು ಎಣಿಸಪ್ಪ’ ಎಂದರೆ ಐದು ನಿಮಿಷದ ಕೆಲಸ. 42 ಎಂದವಳದ್ದು ಬೇರೆಯೇ ಕಥೆ. ಅವಳು ಸೂತ್ರ ಸರಿಯಾಗಿ ಬರೆದಿದ್ದಾಳೆ, ಬೆಲೆಗಳನ್ನೂ ಸರಿಯಾಗಿ ಹಾಕಿದ್ದಾಳೆ: 5 + 9 × 3. ಆಮೇಲೆ ಎಡದಿಂದ ಬಲಕ್ಕೆ ಓದುತ್ತ ಹೋಗಿ 5ಕ್ಕೆ 9 ಕೂಡಿಸಿ ಬಂದ 14ನ್ನು ಮೂರರಿಂದ ಗುಣಿಸಿದ್ದಾಳೆ. ಶ್ರೇಢಿ ಅವಳಿಗೆ ಚೆನ್ನಾಗಿ ಗೊತ್ತು; ಗುಣಾಕಾರ ಮೊದಲು, ಸಂಕಲನ ಆಮೇಲೆ ಎಂಬ ಕೆಳಗಿನ ತರಗತಿಯ ಪಾಠ ಎಲ್ಲೋ ಜಾರಿದೆ. ಇವಳಿಗೆ ಹುಣಸೆಬೀಜ ಕೊಟ್ಟು ಪ್ರಯೋಜನವಿಲ್ಲ. ಅವನಿಗೆ ಕ್ರಿಯೆಗಳ ಕ್ರಮದ ಪಾಠ ಮಾಡಿಯೂ ಪ್ರಯೋಜನವಿಲ್ಲ. ಸೂತ್ರವನ್ನು ಹತ್ತು ಸಲ ಬರೆದರೆ ಇಬ್ಬರೂ ಇದ್ದಲ್ಲೇ ಇರುತ್ತಾರೆ, ಕೈ ಮಾತ್ರ ನೋಯುತ್ತದೆ.

ಮೂರನೆಯವನೊಬ್ಬ ಇರುತ್ತಾನೆ. 5, 8, 11, 14 ಎಂದು ಹತ್ತು ಸಂಖ್ಯೆ ಬರೆದು, ಬೆರಳಲ್ಲಿ ಎಣಿಸಿ, 32 ಎಂದು ಮುಗಿಸಿರುತ್ತಾನೆ. ಅವನ ಪುಸ್ತಕದಲ್ಲಿ ‘ಸೂತ್ರ ಎಲ್ಲಿ?’ ಎಂಬ ಷರಾ. ಶ್ರೇಢಿ ಎಂದರೇನು ಎಂದು ಆ ಮೂವರಲ್ಲಿ ಚೆನ್ನಾಗಿ ಕಂಡಿರುವವನು ಬಹುಶಃ ಅವನೇ. ನೂರನೆಯ ಪದ ಕೇಳಿದರೆ ಅವನಿಗೇ ಸೂತ್ರದ ಅಗತ್ಯ ಮನವರಿಕೆಯಾಗುತ್ತದೆ.

ಮಕ್ಕಳ ತಪ್ಪುಗಳು ಎಲ್ಲೆಂದರಲ್ಲಿ ಬೀಳುವ ಕಲ್ಲುಗಳಲ್ಲ. ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಶಾಲಾ ಮಕ್ಕಳ ವ್ಯವಕಲನವನ್ನು ಕುರಿತು ಪ್ರಕಟಿಸಿದ ಅಧ್ಯಯನ ಇದನ್ನು ವಿವರವಾಗಿ ತೋರಿಸಿತು. 52ರಲ್ಲಿ 37 ಕಳೆದರೆ 25 ಎನ್ನುವ ಮಗು ಅಡ್ಡಾದಿಡ್ಡಿ ಬರೆದಿರುವುದಿಲ್ಲ. ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯಬೇಕು ಎಂಬ ತನ್ನದೇ ನಿಯಮವನ್ನು ಪ್ರತಿ ಲೆಕ್ಕದಲ್ಲೂ ನಿಷ್ಠೆಯಿಂದ ಪಾಲಿಸಿರುತ್ತದೆ. ಅಂದರೆ ತಪ್ಪಿಗೂ ಒಂದು ತರ್ಕವಿದೆ. ಆ ತರ್ಕ ಏನೆಂದು ಗೊತ್ತಾಗುವ ತನಕ ನಾವು ಮಾಡುವ ಪಾಠ ಎಷ್ಟೇ ಚೆನ್ನಾಗಿದ್ದರೂ ಆ ಮಗುವಿಗೆ ತಾಗುವುದಿಲ್ಲ.

ವಿಚಿತ್ರವೆಂದರೆ ಈ ತಿಳಿವಳಿಕೆ ನಮ್ಮ ಪರೀಕ್ಷಾ ವ್ಯವಸ್ಥೆಯೊಳಗೇ ಇದೆ. ಮೌಲ್ಯಮಾಪನ ಕೇಂದ್ರದಲ್ಲಿ ಕೂತ ಗಣಿತದ ಮೇಷ್ಟ್ರ ಕೈಯಲ್ಲಿರುವ ಕೀ ಉತ್ತರ ತೆಗೆದು ನೋಡಿ. ಸೂತ್ರಕ್ಕೆ ಅರ್ಧ, ಬೆಲೆ ಹಾಕಿದ್ದಕ್ಕೆ ಅರ್ಧ, ಸುಲಭೀಕರಣಕ್ಕೆ ಅರ್ಧ, ಉತ್ತರಕ್ಕೆ ಅರ್ಧ. ಬೇರೆ ಸರಿಯಾದ ವಿಧಾನದಲ್ಲಿ ಬಿಡಿಸಿದ್ದರೂ ಅಂಕ ಕೊಡಿ ಎಂಬ ಸೂಚನೆಯೂ ಇರುತ್ತದೆ. ಮಗು ಎಲ್ಲಿಯವರೆಗೆ ಬಂದಿದೆ, ಎಲ್ಲಿ ಕಾಲು ತಪ್ಪಿದೆ ಎಂದು ಗೆರೆ ಗೆರೆಯಾಗಿ ನೋಡುವ ಇಷ್ಟು ನ್ಯಾಯವಾದ ಓದು ವರ್ಷವಿಡೀ ಆ ಮಗುವಿನ ಬರಹಕ್ಕೆ ಬಹುಶಃ ಬೇರೆಲ್ಲೂ ಸಿಕ್ಕಿರುವುದಿಲ್ಲ. 42 ಬರೆದ ಹುಡುಗಿಗೂ ಅಲ್ಲಿ ಅರ್ಧರ್ಧವಾಗಿ ಒಂದಷ್ಟು ಅಂಕ ಸಿಗುತ್ತದೆ. ನಿನಗೆ ಶ್ರೇಢಿ ಗೊತ್ತಿದೆ ಎಂದು ಯಾರೋ ಒಪ್ಪಿಕೊಂಡ ಹಾಗೆ.

ಆದರೆ ಈ ಓದು ನಡೆಯುವುದು ಪಾಠವೆಲ್ಲ ಮುಗಿದ ಮೇಲೆ, ಹೆಸರೂ ಊರೂ ಗೊತ್ತಿಲ್ಲದ ಒಬ್ಬರ ಕೈಯಲ್ಲಿ. ಮಗುವಿಗೆ ತಲುಪುವುದು ಕೂಡಿಸಿದ ಮೊತ್ತ ಮಾತ್ರ. ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಮಂಡಳಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಕೊಡುತ್ತದೆ, ನಿಜ. ಆದರೆ ಅದನ್ನು ತರಿಸುವುದು ಅಂಕ ಹೆಚ್ಚಿಸಿಕೊಳ್ಳಲು. ತಾನು ಎಲ್ಲಿ ತಪ್ಪಿದೆ ಎಂದು ನೋಡಲು ಹಣ ಕಟ್ಟುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಅರ್ಧ ಅಂಕದ ಜಾಗ ಎಲ್ಲಿದೆಯೋ ಕಲಿಕೆಯ ಜಾಗವೂ ಅಲ್ಲೇ ಇದೆ. ಆ ಜಾಗಕ್ಕೆ ಮಗುವಿಗೆ ಪ್ರವೇಶವಿಲ್ಲ.

ಆ ಜಾಗವೇ ಇಲ್ಲದ ಪರೀಕ್ಷೆಯನ್ನೂ ನಾವು ನೋಡಿದ್ದೇವೆ. ಕೋವಿಡ್ ಕಾಲದಲ್ಲಿ, 2021ರ ಜುಲೈ 19ರಂದು, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರನ್ನೂ ತಲಾ 40 ಅಂಕದಂತೆ ಒಂದೇ ಪತ್ರಿಕೆಯಲ್ಲಿ ಸೇರಿಸಿ, ಓಎಂಆರ್ ಹಾಳೆಯಲ್ಲಿ ಗುಂಡಿ ತುಂಬಿಸುವ ಪರೀಕ್ಷೆ ಮಾಡಿದರು. ಹೆಚ್ಚುಕಡಿಮೆ ಎಲ್ಲರೂ ಪಾಸಾದರು. ಆ ಸಂಕಟದ ಹೊತ್ತಿನಲ್ಲಿ ಅದು ಅನಿವಾರ್ಯವಾಗಿತ್ತು, ಮಕ್ಕಳ ಪಾಲಿಗೆ ಕರುಣೆಯೂ ಆಗಿತ್ತು. ಆದರೆ ಅಲ್ಲಿ ಯೋಚಿಸಿ 42ಕ್ಕೆ ಬಂದವಳು, ಕಣ್ಣು ಮುಚ್ಚಿ 42ರ ಮೇಲೆ ಬೆರಳಿಟ್ಟವನು ಇಬ್ಬರೂ ಒಂದೇ ಕಪ್ಪು ಚುಕ್ಕೆ. ಮುಂದಿನ ತರಗತಿಯ ಮೇಷ್ಟ್ರಿಗೆ ಆ ಚುಕ್ಕೆಯಿಂದ ತಿಳಿಯುವುದು ಏನೂ ಇರಲಿಲ್ಲ. ಮರುವರ್ಷ, 2022-23ರಲ್ಲಿ, ಇಲಾಖೆ ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮ ತಂದು ಒಂಬತ್ತನೆಯವರೆಗಿನ ಮಕ್ಕಳಿಗೆ ಕಲಿಕಾ ಹಾಳೆಗಳನ್ನು ಕೊಟ್ಟಿತು. ಹಿಂದಿನ ತರಗತಿಗಳಲ್ಲಿ ತಪ್ಪಿದ್ದನ್ನು ಮೊದಲು ಕಟ್ಟಿಕೊಡಿ ಎಂದು ಅಧಿಕೃತವಾಗಿಯೇ ಹೇಳಿತು. ಮಗು ನಿಂತಿರುವ ಜಾಗದಿಂದ ಪಾಠ ಶುರುವಾಗಬೇಕು ಎಂಬುದನ್ನು ಒಪ್ಪಿಕೊಳ್ಳಲು ಒಂದು ಮಹಾಮಾರಿ ಬರಬೇಕಾಯಿತು. ಆ ವರ್ಷ ಕಳೆಯಿತು, ಪಠ್ಯ ಮತ್ತೆ ತನ್ನ ವೇಗ ಹಿಡಿಯಿತು.

ಹಾಗಾದರೆ ನಿಂತ ಜಾಗ ತೋರಿಸುವ ಸಾಮಗ್ರಿ ನಮ್ಮಲ್ಲಿ ಇಲ್ಲವೇ? ಇದೆ, ಬಹಳ ಅಗ್ಗವಾಗಿಯೂ ಸಿಗುತ್ತದೆ. ಗ್ರಾಫ್ ಹಾಳೆಯನ್ನೇ ನೋಡಿ. ಎಕ್ಸ್ + 2ವೈ = 8 ಎಂಬ ಸಮೀಕರಣದ ಸರಳರೇಖೆ ಎಳೆಯಲು ಎರಡು ಬಿಂದು ಸಾಕು. ಆದರೂ ಒಳ್ಳೆಯ ಮೇಷ್ಟ್ರು ಮೂರು ಬಿಂದು ಹಾಕಿಸುತ್ತಾರೆ: (0, 4), (2, 3), (4, 2). ಮೂರನೆಯದು ರೇಖೆ ಎಳೆಯುವುದಕ್ಕಲ್ಲ, ಪರೀಕ್ಷೆಗೆ. ಹುಡುಗಿ ಲೆಕ್ಕ ತಪ್ಪಿ ಕೊನೆಯದನ್ನು (4, 3) ಎಂದು ಗುರುತಿಸಿದರೆ ಸ್ಕೇಲು ಇಟ್ಟ ಕೂಡಲೇ ಆ ಚುಕ್ಕೆ ಗೆರೆಯಿಂದ ಹೊರಗೆ ನಿಲ್ಲುತ್ತದೆ. ಯಾರೂ ಗದರಲಿಲ್ಲ, ಕೆಂಪು ಶಾಯಿ ಬರಲಿಲ್ಲ. ಎಲ್ಲೋ ಎಡವಿದ್ದೇನೆ ಎಂದು ಅವಳಿಗೇ ಗೊತ್ತಾಯಿತು, ಮೇಷ್ಟ್ರಿಗಿಂತ ಮೊದಲೇ ಗೊತ್ತಾಯಿತು. 2ಎಕ್ಸ್ − ವೈ = 1 ಎಂಬ ಎರಡನೆಯ ರೇಖೆ ಮೊದಲನೆಯದನ್ನು (2, 3)ರಲ್ಲಿ ಕತ್ತರಿಸಿದಾಗ ಆ ಬೆಲೆಗಳನ್ನು ಎರಡೂ ಸಮೀಕರಣಕ್ಕೆ ಹಾಕಿ ನೋಡಿದರೆ ಇನ್ನೊಂದು ಪರೀಕ್ಷೆ. ಪ್ಯಾಕೇಜಿನಲ್ಲಿ ಇದು ‘ಗ್ಯಾರಂಟಿ 4 ಅಂಕ’ ಎಂಬ ತಲೆಬರಹದ ಕೆಳಗಿದೆ. ಆ ಹಾಳೆಗಳಲ್ಲೇ ಅತ್ಯಂತ ಒಳ್ಳೆಯ ಪಾಠವೂ ಇದೇ, ನಾಲ್ಕಂಕದ ಆತುರದಲ್ಲಿ ಮೂರನೆಯ ಬಿಂದುವನ್ನು ಕೈಬಿಡದೇ ಇದ್ದರೆ.

ಕೈವಾರದ ಗುಣವೂ ಇಂಥದ್ದೇ. ಸ್ಪರ್ಶಕದ ರಚನೆಯಲ್ಲಿ ಒಂದು ಕಂಸ ತಪ್ಪಿದರೆ ಗೆರೆ ವೃತ್ತವನ್ನು ಮುಟ್ಟುವ ಬದಲು ಕತ್ತರಿಸುತ್ತದೆ, ಕಣ್ಣಿಗೆ ರಾಚುತ್ತದೆ. ಕೋವಿಡ್ ನಂತರ ಪಠ್ಯದ ಹೊರೆ ಇಳಿಸುವಾಗ ಎನ್‌ಸಿಇಆರ್‌ಟಿ ತನ್ನ ಹತ್ತನೆಯ ತರಗತಿಯ ಪುಸ್ತಕದಿಂದ ‘ರಚನೆಗಳು’ ಅಧ್ಯಾಯವನ್ನೇ ತೆಗೆಯಿತು. ಹೊರೆ ಇಳಿಯಿತು, ತಪ್ಪನ್ನು ತಾನೇ ತೋರಿಸುವ ಒಂದು ಜಾಗವೂ ಹೋಯಿತು. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಈ ಶತಮಾನದ ಆರಂಭದಲ್ಲಿ ರೂಪಿಸಿದ ಜಿಯೋಜೀಬ್ರಾ ತಂತ್ರಾಂಶ ಆ ಕೊರತೆಯನ್ನು ಒಂದು ಮಟ್ಟಿಗೆ ತುಂಬಬಲ್ಲದು. ಅದು ಬಿಟ್ಟಿಯಾಗಿ ಸಿಗುತ್ತದೆ, ನಮ್ಮ ಅನೇಕ ಗಣಿತ ಶಿಕ್ಷಕರಿಗೆ ತರಬೇತಿಯಲ್ಲಿ ಪರಿಚಯವೂ ಆಗಿದೆ. ಅರ್ಧವೃತ್ತದ ಮೇಲೆ ಒಂದು ಬಿಂದುವನ್ನು ಎಳೆದಾಡಿದರೆ ಕೋನ 90ರಲ್ಲೇ ನಿಂತಿರುವುದನ್ನು ಮಗು ನೋಡುತ್ತದೆ. ಆದರೆ ಎಳೆಯುವ ಮೊದಲು ‘ಏನಾಗುತ್ತೆ ಹೇಳಿ ನೋಡಣ’ ಎಂದು ಕೇಳಿ, ಮಕ್ಕಳ ಊಹೆಯನ್ನು ಬೋರ್ಡಿನ ಮೇಲೆ ಬರೆಸಿದ ತರಗತಿಯಲ್ಲಿ ಮಾತ್ರ ಅದು ಪಾಠ. ಉಳಿದೆಡೆ ಅದೊಂದು ಚೆಂದದ ಚಿತ್ರ.

ಹರಿಹರದಲ್ಲಿ ಈ ವಿಷಯ ಯೋಚಿಸುವವರಿಗೆ ಲೇತ್ ನೆನಪಾಗದೆ ಇರುವುದಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಇಲ್ಲಿಂದ ದೇಶಕ್ಕೆಲ್ಲ ಲೇತ್ ಯಂತ್ರಗಳನ್ನು ಕಳಿಸಿತು. ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಊರಿನ ಎಷ್ಟೋ ಮನೆಗಳಲ್ಲಿ ಅಜ್ಜನೋ ದೊಡ್ಡಪ್ಪನೋ ಟರ್ನರ್ ಆಗಿದ್ದವರು. ಲೇತಿನ ಮುಂದೆ ನಿಂತ ಹೊಸಬ ಮೊದಲು ಎಡವುವುದು ಒಂದು ಗಣಿತದ ವಿಷಯದಲ್ಲಿ. ಉಳಿಯನ್ನು ಒಂದು ಮಿಲಿಮೀಟರ್ ಒಳಗೆ ಕೊಟ್ಟರೆ ಜಾಬಿನ ವ್ಯಾಸ ಇಳಿಯುವುದು ಎರಡು ಮಿಲಿಮೀಟರ್. ಉಳಿ ತಿನ್ನುವುದು ತ್ರಿಜ್ಯವನ್ನು, ಡ್ರಾಯಿಂಗಿನಲ್ಲಿ ಬರೆದಿರುವುದು ವ್ಯಾಸ. ನಮ್ಮ ಹತ್ತನೆಯ ತರಗತಿಯ ಮಕ್ಕಳು ವೃತ್ತದ ವಿಸ್ತೀರ್ಣದ ಲೆಕ್ಕದಲ್ಲಿ ಮಾಡುವ ತಪ್ಪೂ ಇದೇ, ವ್ಯಾಸ ಕೊಟ್ಟಿದ್ದರೆ ಅದನ್ನೇ ತ್ರಿಜ್ಯವೆಂದು ಹಾಕುವುದು. ನೋಟ್‌ಬುಕ್ಕಿನಲ್ಲಿ ಅದಕ್ಕೆ ರಬ್ಬರ್ ಇದೆ. ಲೇತಿನಲ್ಲಿ ಹೆಚ್ಚಾಗಿ ಕೊರೆದ ಕಬ್ಬಿಣವನ್ನು ಮತ್ತೆ ಅಂಟಿಸಲು ಬರುವುದಿಲ್ಲ, ಜಾಬು ಗುಜರಿಗೆ ಹೋಗುತ್ತದೆ. ಅದಕ್ಕೇ ಟರ್ನರ್ ಪ್ರತಿ ಕಟ್ ಆದ ಮೇಲೂ ಯಂತ್ರ ನಿಲ್ಲಿಸಿ ವರ್ನಿಯರ್ ಹಿಡಿಯುತ್ತಾನೆ, ಕೊನೆಗೆ ಮೈಕ್ರೊಮೀಟರ್ ಹಿಡಿಯುತ್ತಾನೆ. ಅಳತೆ ಅವನಿಗೆ ಕೆಲಸ ಮುಗಿದ ಮೇಲಿನ ತೀರ್ಪಲ್ಲ, ಕೆಲಸದೊಳಗಿನ ಒಂದು ಹಂತ. ಅವನು ಸಾವಿರ ಜಾಬು ಮಾಡಿದ್ದರೂ ಈ ಅಭ್ಯಾಸ ಬಿಡುವುದಿಲ್ಲ.

ಅದೇ ಊರಿನ ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳ ದೊರೆ ಇಮ್ಮಡಿ ವೀರನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಹೊಯ್ಸಳರ ಕಾಲದ ಗುಂಡುಕಂಬಗಳನ್ನು ತಿರುಗಿಸಿ ಕಡೆದಿದ್ದರು ಎನ್ನುತ್ತಾರೆ ವಾಸ್ತು ಬಲ್ಲವರು. ಎಂಟುನೂರು ವರ್ಷ ಹಿಂದಿನ ಆ ಕುಶಲಿಗಳೂ ಪ್ರತಿ ಉಂಗುರ ಕೊರೆದ ಮೇಲೆ ಕೈಯಾಡಿಸಿ, ಅಳತೆಕಡ್ಡಿ ಹಿಡಿದು ನೋಡಿರಲೇಬೇಕು. ಕಲ್ಲೂ ಮತ್ತೆ ಅಂಟುವುದಿಲ್ಲ.

ಚರ್ಚೆ ಇಲ್ಲಿಗೆ ಬಂದಾಗ ಜನ ಸಾಮಾನ್ಯವಾಗಿ ಇನ್ನೊಂದು ಮಾತು ಹೇಳುತ್ತಾರೆ: ಗಣಿತ ನಮ್ಮ ಸುತ್ತಲೇ ಇದೆ, ಮಕ್ಕಳನ್ನು ಗುಡಿಗೆ, ಕಾರ್ಖಾನೆಗೆ, ದಾವಣಗೆರೆಯ ಮಂಡಿಪೇಟೆಗೆ ಕರೆದುಕೊಂಡು ಹೋಗಿ, ಎಲ್ಲ ಸರಿಹೋಗುತ್ತದೆ. ಅಷ್ಟು ಸುಲಭವಿಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿಯಲ್ಲಿ ಎಳನೀರು, ಹಣ್ಣು ಮಾರುವ ಮಕ್ಕಳನ್ನು ಕುರಿತು 1985ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವೊಂದಿದೆ. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳು ನೂರಕ್ಕೆ 98 ಸರಿ ಹೇಳಿದರು. ಅದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಹಾಳೆಯ ಮೇಲೆ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37. ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ಕೆಲಸ ಮಾಡುವ ಮಕ್ಕಳನ್ನು ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದೂ ಅದನ್ನೇ. ಜೊತೆಗೆ ಇನ್ನೊಂದನ್ನೂ ಕಂಡರು: ಶಾಲೆಯಲ್ಲಿ ಲೆಕ್ಕ ಬಲ್ಲ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸಿದರು. ಸಂತೆಯ ಬಾಯಿಲೆಕ್ಕ ತಾನಾಗಿ ಪುಸ್ತಕಕ್ಕೆ ಹತ್ತುವುದಿಲ್ಲ, ಪುಸ್ತಕದ್ದು ತಾನಾಗಿ ಸಂತೆಗೆ ಇಳಿಯುವುದಿಲ್ಲ.

ಆದ್ದರಿಂದ ಟರ್ನರ್ ಅಜ್ಜನ ಮೊಮ್ಮಗನಿಗೆ ದಶಮಾಂಶ ತಾನಾಗಿ ಬರುತ್ತದೆ ಎಂದೇನೂ ಇಲ್ಲ. ಅಜ್ಜನಿಂದ ತರಗತಿಗೆ ತರಬಹುದಾದದ್ದು ಲೇತೂ ಅಲ್ಲ, ಕಬ್ಬಿಣವೂ ಅಲ್ಲ. ಹಂತಕ್ಕೊಮ್ಮೆ ನಿಂತು ಅಳೆಯುವ ಆ ಶಿಸ್ತು. ಬೆಲೆ ಹಾಕಿದ ಮೇಲೆ ಒಂದು ಕ್ಷಣ ನಿಲ್ಲುವುದು. ಉತ್ತರ ಬಂದ ಮೇಲೆ ಅದನ್ನು ಸಮೀಕರಣಕ್ಕೆ ತಿರುಗಿ ಹಾಕಿ ನೋಡುವುದು. ಹತ್ತನೆಯ ಪದ 42 ಆಗಬಹುದೇ, ಮೂರು ಮೂರರಂತೆ ಏರಿದರೆ ಅಷ್ಟು ದೂರ ಹೋಗುತ್ತದೆಯೇ ಎಂದು ತನ್ನನ್ನೇ ಕೇಳಿಕೊಳ್ಳುವುದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಬಂದ ಗಣಿತ ಬೋಧನೆಯ ವಿಷಯಪತ್ರ ಮಕ್ಕಳ ಭಯ, ಸೋಲಿನ ಭಾವ ಮತ್ತು ಒರಟು ಮೌಲ್ಯಮಾಪನವನ್ನು ನಮ್ಮ ಗಣಿತ ತರಗತಿಯ ಮುಖ್ಯ ರೋಗಗಳ ಸಾಲಿನಲ್ಲಿ ಇಟ್ಟಿತ್ತು. ತಪ್ಪು ಕೊನೆಯಲ್ಲಿ, ಅದೂ ಇನ್ನೊಬ್ಬರ ಕೈಯಿಂದ ಗೊತ್ತಾಗುತ್ತದೆ ಎಂಬಲ್ಲೇ ಭಯ ಹುಟ್ಟುವುದು. ನಡುವೆ, ತನ್ನ ಕೈಯಿಂದಲೇ ಗೊತ್ತಾದ ತಪ್ಪಿಗೆ ಅಷ್ಟು ಭಯವಿಲ್ಲ.

ಇದನ್ನೆಲ್ಲ ಹೇಳುವುದು ಸುಲಭ, ಸರ್ಕಾರಿ ಪ್ರೌಢಶಾಲೆಯ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಮೇಷ್ಟ್ರ ಟೇಬಲಿನ ಮೇಲೆ ನಡೆಸುವುದು ಕಷ್ಟ. ಎಂಟು, ಒಂಬತ್ತು, ಹತ್ತು, ಮೂರೂ ತರಗತಿಯ ಗಣಿತ. ಜೊತೆಗೆ ವಿಜ್ಞಾನದ ಪಾಲು. ಅರವತ್ತು ಮಕ್ಕಳ ಒಂದು ತರಗತಿಯಲ್ಲಿ ತಲೆಗೆ ಮೂರು ನಿಮಿಷದಂತೆ ನೋಟ್‌ಬುಕ್ ಓದಿದರೂ ಮೂರು ಗಂಟೆ ಬೇಕು. ಮೇಲಿಂದ ಫಲಿತಾಂಶದ ಸಭೆ, ವರದಿ, ಆನ್‌ಲೈನ್ ಎಂಟ್ರಿ. ಬೆಳಗ್ಗೆ ಬಿಸಿಹಾಲಿನ ಲೆಕ್ಕ, ಮಧ್ಯಾಹ್ನ ಬಿಸಿಯೂಟದ ಲೆಕ್ಕ. ಸಾಲದ್ದಕ್ಕೆ ಜನವರಿ ಫೆಬ್ರುವರಿಯಲ್ಲಿ ಒಂದರ ಹಿಂದೊಂದು ಸರಣಿ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ. ತಿದ್ದಿದ ಪತ್ರಿಕೆ ಮಕ್ಕಳ ಕೈಗೆ ಬರುವ ಹೊತ್ತಿಗೆ ಮುಂದಿನ ಪ್ರಶ್ನೆಪತ್ರಿಕೆ ಬಂದಿರುತ್ತದೆ. ಮಗು ಅಂಕ ನೋಡುತ್ತದೆ, ಪಕ್ಕದವನ ಅಂಕ ನೋಡುತ್ತದೆ, ಮಡಿಸಿ ಬ್ಯಾಗಿಗೆ ಹಾಕುತ್ತದೆ. ತನ್ನ ತಪ್ಪುಗಳನ್ನೆಲ್ಲ ತನ್ನ ಅಕ್ಷರದಲ್ಲೇ ಬರೆದಿಟ್ಟ ಆ ಹಾಳೆಗಿಂತ ಒಳ್ಳೆಯ ಪುನರಾವರ್ತನೆಯ ಪುಸ್ತಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದು ಒಂದೇ ನೋಟಕ್ಕೆ ಖರ್ಚಾಗಿ ಹೋಗುತ್ತದೆ.

ಒಂದು ಪೂರ್ವಸಿದ್ಧತಾ ಪರೀಕ್ಷೆ ಕಡಿಮೆ ಮಾಡಿ, ಉಳಿದ ಆ ದಿನಗಳನ್ನು ಮುಗಿದ ಪರೀಕ್ಷೆಯ ಪತ್ರಿಕೆ ಓದುವುದಕ್ಕೆ ಕೊಟ್ಟರೆ ಏನಾದೀತು? ಮೇಷ್ಟ್ರು ಅರವತ್ತೂ ಪತ್ರಿಕೆ ವಿವರವಾಗಿ ಓದಬೇಕಿಲ್ಲ. ಒಂದು ಪ್ರಶ್ನೆ ಆರಿಸಿಕೊಂಡು, ಉತ್ತರದ ಪ್ರಕಾರ ಪತ್ರಿಕೆಗಳನ್ನು ಗುಡ್ಡೆ ಹಾಕಿದರೆ ಸಾಕು. ತಪ್ಪಿಗೂ ತರ್ಕ ಇರುವುದರಿಂದ ಅರವತ್ತು ಮಕ್ಕಳಿಗೆ ಅರವತ್ತು ಬಗೆಯ ತಪ್ಪು ಇರುವುದಿಲ್ಲ. ನಾಲ್ಕೈದು ಗುಡ್ಡೆ ಆಗುತ್ತವೆ. ಗುಡ್ಡೆಗೊಂದು ಗುಂಪು, ಗುಂಪಿಗೊಂದು ಕೆಲಸ: ಎಲ್ಲಿಯವರೆಗೆ ಸರಿ ಇದೆ, ಮೊದಲ ಬಾರಿ ತಪ್ಪಿದ ಗೆರೆ ಯಾವುದು ಹುಡುಕಿ. ಕೀ ಉತ್ತರವನ್ನು ಮಕ್ಕಳ ಕೈಗೇ ಕೊಟ್ಟು ಅರ್ಧರ್ಧ ಅಂಕ ಹಾಕಿಸಬಹುದು. ಪಕ್ಕದವನ ಪತ್ರಿಕೆಗೆ ಅರ್ಧ ಅಂಕ ಕೊಡಬೇಕೋ ಬೇಡವೋ ಎಂದು ವಾದಿಸುವ ಹುಡುಗ ಆ ಹೊತ್ತಿನಲ್ಲಿ ಆ ಲೆಕ್ಕವನ್ನು ಪೂರ್ತಿ ಓದಿರುತ್ತಾನೆ.

ಶಾಲೆಯ ಕೈಯಲ್ಲಿರುವ ಆ 20 ಅಂಕಗಳಿಗೂ ಇಲ್ಲಿ ಕೆಲಸವಿದೆ. ಈಗ ಅವು ಹೆಚ್ಚಿನ ಕಡೆ ಬಣ್ಣದ ಚಾರ್ಟಿಗೆ, ಅಂಗಡಿಯಿಂದ ತಂದ ಥರ್ಮಾಕೋಲ್ ಶಂಕು ಸಿಲಿಂಡರುಗಳಿಗೆ ಹಂಚಿಹೋಗುತ್ತವೆ, ಬಹುತೇಕ ಎಲ್ಲರಿಗೂ ಒಂದೇ ರೀತಿ. ಅದರಲ್ಲಿ ಐದು ಅಂಕವನ್ನು ಮಗು ತನ್ನ ತಪ್ಪುಗಳನ್ನು ತಾನೇ ಬರೆದಿಡುವ ಒಂದು ತೆಳ್ಳನೆಯ ಪುಸ್ತಕಕ್ಕೆ ಮೀಸಲಿಡಬಹುದು: ಲೆಕ್ಕ, ನಾನು ಮಾಡಿದ್ದು, ಎಲ್ಲಿ ತಪ್ಪಿದೆ, ಯಾಕೆ ಹಾಗೆ ಅನ್ನಿಸಿತು. ಅದನ್ನು ಗೈಡಿನಿಂದ ಕಾಪಿ ಹೊಡೆಯಲಾಗುವುದಿಲ್ಲ. ಎಂಟನೆಯ ತರಗತಿಯಿಂದಲೇ ಅದು ಶುರುವಾದರೆ ಹತ್ತನೆಯ ತರಗತಿಯ ಜನವರಿಯಲ್ಲಿ ಪ್ಯಾಕೇಜ್ ಯಾರಿಗೆ, ಯಾಕೆ ಎಂಬ ಪ್ರಶ್ನೆಗೆ ಮೇಷ್ಟ್ರ ಅಂದಾಜಿಗಿಂತ ಗಟ್ಟಿಯಾದ ಉತ್ತರ ಸಿಗುತ್ತದೆ. 42 ಬರೆದ ಹುಡುಗಿಗೆ 28ರ ಹಾಳೆ ಬೇಕಿರಲಿಲ್ಲ, ಕ್ರಿಯೆಗಳ ಕ್ರಮದ ಒಂದು ಪಾಠ ಸಾಕಿತ್ತು ಎಂಬುದು ಪರೀಕ್ಷೆಗೆ ಎರಡು ವರ್ಷ ಮೊದಲೇ ಗೊತ್ತಾಗುತ್ತದೆ.

ಪಾಸಿಂಗ್ ಪ್ಯಾಕೇಜ್ ಬಹುಶಃ ಇರಲಿ. ಅದು ಬೇಕಾದ ಮನೆಗಳು ಇನ್ನೂ ಬಹಳ ಇವೆ. ಆದರೆ ಎಲ್ಲ ಮಕ್ಕಳಿಗೂ ಒಂದೇ ಕಾಪಿ ಹೊಡೆಸಿ ಹಂಚುವ ಹಾಳೆ, ಹೆಚ್ಚೆಂದರೆ, ಯಾರ ಪರಿಚಯವೂ ಇಲ್ಲದವರು ಕೊಡಬಹುದಾದ ಸಹಾಯ. ಮಕ್ಕಳ ಹೆಸರು ಹಿಡಿದು ಕರೆಯುವ ಮೇಷ್ಟ್ರ ಹತ್ತಿರ ಅದಕ್ಕಿಂತ ಹೆಚ್ಚಿನದು ಇದೆ: ಅರವತ್ತು ನೋಟ್‌ಬುಕ್ಕುಗಳು, ಅವುಗಳ ತುಂಬ ತಪ್ಪು ಉತ್ತರಗಳು. ಅವನ್ನು ಓದಲು ಅವರಿಗೆ ಸಮಯ ಕೊಡಿಸುವುದು ಹೊಸ ವೀಡಿಯೊ, ಹೊಸ ಕಿಟ್ಟು ಕೊಡಿಸುವುದಕ್ಕಿಂತ ದೊಡ್ಡ ಕೆಲಸ, ಆದ್ದರಿಂದಲೇ ಅದನ್ನು ಯಾರೂ ಕೈಗೆತ್ತಿಕೊಂಡಿಲ್ಲ.